ವಾಕ್‌ಮನ್ ಹಾಕಿಕೊಂಡ ಅತ್ತೆ

ಮೊನ್ನೆ ಗೋಕಾಕದಿಂದ ಹುಕ್ಕೇರಿಗೆ ಹೊರಟ ಬಸ್ಸಿನಲ್ಲಿ ನನ್ನ ಪಕ್ಕ ಒಬ್ಬ ಕಾಲೇಜು ಹುಡುಗಿ ಕೂತಿದ್ದಳು. ಬಸ್ಸಿನಲ್ಲಿ ಬಾಯಿ ಮುಚ್ಚಿಕೊಂಡು ಕೂರುವುದು ನನ್ನಿಂದಾಗದ ಕೆಲಸ. ಎಲ್ಲಿಗೆ ಹೊರಟೆ, ಏನು ಓದುತ್ತೀ ಎಂದು ಶುರು ಮಾಡಿದವಳು, ನನ್ನ ಮೊಣಕಾಲು ನೋವು, ಈ ವರ್ಷ ಕೆಟ್ಟುಹೋದ ಉಪ್ಪಿನಕಾಯಿ, ಪಕ್ಕದ ಮನೆಯವರು ನಮ್ಮ ಗೋಡೆಗೆ ಹತ್ತಿಸಿ ಕಟ್ಟಿದ ಬಚ್ಚಲು, ಎಲ್ಲವನ್ನೂ ಘಟಪ್ರಭಾ ಬರುವುದರೊಳಗೆ ಹೇಳಿ ಮುಗಿಸಿದೆ. ಹುಡುಗಿ ಕಿಟಕಿಯಾಚೆ ನೋಡುತ್ತ ನನ್ನ ಮಾತಿಗೆ ಸರಿಯಾಗಿ ತಲೆಯಾಡಿಸುತ್ತಿದ್ದಳು. ಎಂಥ ಒಳ್ಳೆಯ ಮನೆತನದ ಹುಡುಗಿಯಪ್ಪಾ, ಹಿರಿಯರ ಮಾತನ್ನು ಎಷ್ಟು ತಾಳ್ಮೆಯಿಂದ ಕೇಳುತ್ತಾಳೆ ಎಂದುಕೊಂಡೆ. ಘಟಪ್ರಭಾ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ ಅವಳು ಕೂದಲು ಹಿಂದಕ್ಕೆ ಸರಿಸಿ, ಕಿವಿಯೊಳಗಿಂದ ಕಡಲೆಕಾಳಿನಷ್ಟು ಬಿಳಿಯ ವಸ್ತುವೊಂದನ್ನು ತೆಗೆದು, "ಏನರ ಅಂದ್ರೇನ್ರಿ ಆಂಟಿ?" ಎಂದಳು.

ತಲೆಯಾಡಿಸಿದ್ದು ನನ್ನ ಮೊಣಕಾಲಿಗಲ್ಲ, ಯಾವುದೋ ಹಾಡಿನ ತಾಳಕ್ಕೆ.

ನನಗೆ ಸಿಟ್ಟು ಬರಲಿಲ್ಲ. ಬರುವುದಕ್ಕೆ ನನಗೆ ಹಕ್ಕೂ ಇಲ್ಲ. ಇದೇ ಸೀಮೆಯ ಬಸ್ಸುಗಳಲ್ಲಿ, ಇದೇ ಕಿಟಕಿಯ ಪಕ್ಕದ ಸೀಟಿನಲ್ಲಿ, ಎಷ್ಟೋ ಮಂದಿ ಹಿರಿಯರ ಮೊಣಕಾಲು ನೋವಿಗೆ ನಾನೂ ಹೀಗೆಯೇ ತಲೆಯಾಡಿಸಿದ್ದೇನೆ. ನನ್ನದು ಕಡಲೆಕಾಳಿನಷ್ಟು ಇರಲಿಲ್ಲ, ಅಷ್ಟೇ. ತಲೆಯ ಮೇಲೊಂದು ತಗಡಿನ ಪಟ್ಟಿ, ಎರಡು ಕಿವಿಗೂ ಕಿತ್ತಳೆ ಬಣ್ಣದ ಸ್ಪಂಜಿನ ಬಿಲ್ಲೆ, ಅಲ್ಲಿಂದ ಇಳಿದ ಕರಿಯ ವೈರು, ವೈರಿನ ತುದಿಗೆ ಸಾಬೂನಿನ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ. ನಾನು ಬಸ್ಸು ಹತ್ತಿದರೆ ಟೆಲಿಫೋನ್ ಇಲಾಖೆಯವರು ಕೆಲಸಕ್ಕೆ ಬಂದ ಹಾಗೆ ಕಾಣುತ್ತಿತ್ತು.

ಅದನ್ನು ತಂದುಕೊಟ್ಟವನು ಇಚಲಕರಂಜಿಯಲ್ಲಿದ್ದ ನನ್ನ ಸೋದರಮಾವ. ತೊಂಬತ್ತರ ದಶಕದ ನಡುವಿನ ಮಾತು. ನಾನು ಮೂಡಲಗಿಯಿಂದ ದಿನಾ ಗೋಕಾಕದ ಕಾಲೇಜಿಗೆ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಪಿಯುಸಿ ಪಾಸಾದದ್ದಕ್ಕೆ ಮಾವ ಕೊಟ್ಟ ಬಹುಮಾನ ಅದು. ಅದರ ಮೇಲಿದ್ದ ಕಂಪನಿಯ ಹೆಸರನ್ನು ನಾನು ಮುಂಚೆ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ. ಆದರೆ ಆಗ ಕಿವಿಗೆ ಹಾಕಿಕೊಂಡು ನಡೆಯುತ್ತ ಕೇಳುವ ಪೆಟ್ಟಿಗೆಗೆಲ್ಲ ವಾಕ್‌ಮನ್ ಎಂದೇ ಹೆಸರು. "ಇದರಾಗ ಹಾಡ ಕೇಳೂದ ಅಷ್ಟ ಅಲ್ಲ, ಈ ಕೆಂಪ ಗುಂಡಿ ಒತ್ತಿದ್ರ ನಿನ್ನ ದನಿನೂ ತುಂಬಿಕೊಳ್ತೈತಿ" ಎಂದು ಮಾವ ಹೇಳಿದ್ದ. ನನ್ನ ದನಿಯನ್ನು ಒಮ್ಮೆ ತುಂಬಿ ಕೇಳಿದ ಮೇಲೆ ಆ ಗುಂಡಿಯ ತಂಟೆಗೆ ಹೋಗುವ ಉಮೇದು ನನಗೆ ಉಳಿಯಲಿಲ್ಲ.

ವಾಕ್‌ಮನ್ ಇದ್ದುದರ ಲಾಭಗಳನ್ನು ಏನೆಂದು ಹೇಳಲಿ! ಬಸ್ಸಿನಲ್ಲಿ ಹಿಂದಿನ ಸೀಟಿನ ಹುಡುಗರು ಏನು ಬೇಕಾದರೂ ಅಂದುಕೊಳ್ಳಲಿ, ನನಗೆ ಕೇಳುತ್ತಿರಲಿಲ್ಲ. ಕೇಳುವುದಿಲ್ಲವೆಂದು ಗೊತ್ತಾದ ಮೇಲೆ ಅನ್ನುವುದನ್ನೇ ಬಿಟ್ಟರು. ಕಲ್ಲೋಳಿ ದಾಟಿದ ಮೇಲೆ ಎರಡೂ ಕಡೆ ಕಬ್ಬು ಓಡುತ್ತಿದ್ದರೆ, ಕಿವಿಯಲ್ಲಿ ಕೊಳಲು ಶುರುವಾದರೆ, ಆ ಡಕೋಟಾ ಬಸ್ಸೇ ಸಿನಿಮಾದ ಕಾರಾಗುತ್ತಿತ್ತು. ಗೋಕಾಕದ ಮಾರ್ಕೆಟ್ಟಿನಲ್ಲಿ ನಡೆದರೆ ಅಂಗಡಿಯವರು ತಕ್ಕಡಿ ಹಿಡಿದವರು ಹಾಗೇ ನಿಂತು ನೋಡುತ್ತಿದ್ದರು. ಅವರು ನೋಡುತ್ತಿದ್ದಾರೆಂದು ನಾನು ಇಡೀ ಮಾರ್ಕೆಟ್ಟನ್ನು ಬೇಕಿಲ್ಲದಿದ್ದರೂ ಇನ್ನೊಮ್ಮೆ ಸುತ್ತುತ್ತಿದ್ದೆ.

ನಷ್ಟಗಳೂ ಇದ್ದವು. ಮೊದಲನೆಯದು ಸೆಲ್ಲು. ಎರಡು ಪೆನ್ಸಿಲ್ ಸೆಲ್ಲು ಹಾಕಿದರೆ ಅವಕ್ಕೆ ಅದೇನು ಹಸಿವೋ, ಮನೆಗೆ ಬರುವಷ್ಟರಲ್ಲಿ ಖಾಲಿ. ಸೆಲ್ಲು ಇಳಿಯುತ್ತ ಬಂದ ಹಾಗೆ ಗಾಯಕಿಯ ದನಿ ಗಾಯಕನ ದನಿಯಾಗಿ, ಅದೂ ಜ್ವರ ಬಂದ ಗಾಯಕನ ದನಿಯಾಗಿ, ಕೊನೆಗೆ ಎಮ್ಮೆ ಆಕಳಿಸಿದಂತಾಗಿ ನಿಲ್ಲುತ್ತಿತ್ತು. ಹಪ್ಪಳ ಒಣಗಿಸಿದ ಚಾಪೆಯ ಮೂಲೆಯಲ್ಲಿ ನನ್ನ ಸೆಲ್ಲುಗಳೂ ಬಿಸಿಲು ಕಾಯುತ್ತಿದ್ದವು. ಇನ್ನು ಕ್ಯಾಸೆಟ್ಟಿನ ರೀಲು ಒಳಗೆ ಸಿಕ್ಕಿಕೊಂಡರೆ ಅದನ್ನು ಶ್ಯಾವಿಗೆ ಎಳೆದಂತೆ ನಾಜೂಕಾಗಿ ಹೊರಗೆಳೆದು, ಬಾಲ್‌ಪೆನ್ನು ತೂರಿಸಿ ತಿರುವಿ ತಿರುವಿ ಸುತ್ತಬೇಕು. ಆ ಬಾಲ್‌ಪೆನ್ನಿನಿಂದ ನಾನು ಕಾಲೇಜಿನಲ್ಲಿ ಅಷ್ಟು ಕೆಲಸ ತೆಗೆದಿದ್ದರೆ ಇವತ್ತು ಎಲ್ಲಿರುತ್ತಿದ್ದೆನೋ.

ಎಲ್ಲಕ್ಕಿಂತ ದೊಡ್ಡ ನಷ್ಟ ಬೇರೆ. ಕಿವಿಯಲ್ಲಿ ಹಾಡಿದ್ದಾಗ ನಾವೂ ಗಟ್ಟಿಯಾಗಿ ಹಾಡುತ್ತಿದ್ದೇವೆ ಎಂಬುದು ನಮ್ಮೊಬ್ಬರನ್ನು ಬಿಟ್ಟು ಉಳಿದವರಿಗೆಲ್ಲ ಗೊತ್ತಾಗುತ್ತದೆ. ಒಂದು ಬೆಳಿಗ್ಗೆ ಕಂಡಕ್ಟರ್ ನನ್ನ ಭುಜ ತಟ್ಟಿ, "ಹಾಡಾಕ ನಂದೇನ ತಕರಾರಿಲ್ಲವ್ವಾ, ಡ್ರೈವರಗ ಎಕ್ಸಿಲೇಟರ್ ಎಲ್ಲೈತಿ ಮರ್ತಂಗ ಆಗೇತಂತ" ಎಂದಾಗ ಇಡೀ ಬಸ್ಸು ನನ್ನ ಕಡೆ ತಿರುಗಿ ಕೂತಿತ್ತು. ಆಮೇಲೆ ಒಂದು ವಾರ ನಾನು ಮುಂಚಿನ ಬಸ್ಸಿಗೇ ಹೋದೆ.

ಮನೆಯಲ್ಲಿ ಅಪ್ಪನಿಗೆ ಈ ಪೆಟ್ಟಿಗೆಯ ಮೇಲೆ ವಿಶ್ವಾಸವಿರಲಿಲ್ಲ. ಮೂಡಲಗಿಯ ಪೇಟೆಯಲ್ಲಿ ಅಪ್ಪನದು ಬಟ್ಟೆ ಅಂಗಡಿ. ಹಾಡು ಎದುರಿಗೆ ಕೂತು ಹಾಡಬೇಕು, ಅದು ಕಿವಿಯೊಳಗೆ ಹೊಕ್ಕು ಹಾಡಿದರೆ ಮಿದುಳು ಸಡಿಲಾಗುತ್ತದೆಂದು ಯಾರೋ ಗಿರಾಕಿ ಹೇಳಿದ್ದನಂತೆ. ಅವ್ವನದು ಇನ್ನೊಂದು ದೂರು. ಕರೆದರೆ ಓ ಅನ್ನದವರ ಸಂಖ್ಯೆ ಮನೆಯಲ್ಲಿ ಒಂದಿದ್ದದ್ದು ಎರಡಾಯಿತು ಎನ್ನುತ್ತಿದ್ದಳು.

ಮೊದಲಿನಿಂದ ಇದ್ದ ಆ ಒಂದು ಎಂದರೆ ನಮ್ಮ ಸೋದರತ್ತೆ, ಅಪ್ಪನ ಅಕ್ಕ, ಪದ್ಮಾವತಿ ಅತ್ತೆ. ಮದುವೆಯಾದ ಕೆಲವೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದವಳು. ನಮ್ಮ ಮನೆಯ ಯಜಮಾನಿಕೆ ಹೆಸರಿಗೆ ಅಪ್ಪನದು, ನಡೆಯುತ್ತಿದ್ದದ್ದು ಅತ್ತೆಯದು. ಬಸದಿಯ ಪೂಜೆಗೆ ಎಷ್ಟು ಮಂದಿ ಬರುತ್ತಾರೆ, ಯಾರ ಮನೆಯ ಸೊಸೆ ಯಾಕೆ ತವರಿಗೆ ಹೋಗಿದ್ದಾಳೆ, ಯಾವ ಎತ್ತು ಕೊಳ್ಳಬಾರದು, ಎಲ್ಲಕ್ಕೂ ಜನ ಅತ್ತೆಯನ್ನು ಕೇಳಲು ಬರುತ್ತಿದ್ದರು. ಕನ್ನಡದಲ್ಲಿ ಶುರುವಾದ ಜಗಳ ಮರಾಠಿಗೆ ತಿರುಗಿದರೆ ಅದನ್ನು ಮರಾಠಿಯಲ್ಲೇ ಮುಗಿಸಿ ಕಳಿಸುವವಳು.

ಅಂಥವಳ ಕಿವಿ ಮೆಲ್ಲಗೆ ಮಂದವಾಗುತ್ತ ಹೋಯಿತು. ಅಪ್ಪ ಅಂಗಡಿಯ ಚಾವಿ ಕೇಳಿದರೆ ಚಾ ತಂದಿಡುತ್ತಿದ್ದಳು. ಅಪ್ಪ ಅದನ್ನೂ ಕುಡಿದು, ಚಾವಿಯನ್ನು ತಾನೇ ಹುಡುಕಿಕೊಳ್ಳುತ್ತಿದ್ದ. ಮೊದಮೊದಲು ಇವೆಲ್ಲ ನಗುವ ಸಂಗತಿಗಳಾಗಿದ್ದವು. ಆಮೇಲೆ ಅತ್ತೆ ಪಡಸಾಲೆಯ ಕಂಬಕ್ಕೆ ಒರಗಿ, ಮಾತಾಡುವವರ ಬಾಯಿಂದ ಬಾಯಿಗೆ ಕಣ್ಣು ಓಡಿಸುತ್ತ ಕೂರತೊಡಗಿದಳು. ಎಲ್ಲರೂ ನಕ್ಕರೆ ತಾನೂ ಸ್ವಲ್ಪ ತಡವಾಗಿ ನಗುತ್ತಿದ್ದಳು. "ಏನಂದ?" ಎಂದು ನಮ್ಮನ್ನು ಕೇಳುತ್ತಿದ್ದಳು. ನಾವು ಒಮ್ಮೆ ಹೇಳುತ್ತಿದ್ದೆವು, ಎರಡನೆಯ ಸಲ ಕೂಗಿ ಹೇಳುತ್ತಿದ್ದೆವು, ಮೂರನೆಯ ಸಲಕ್ಕೆ "ಏನಿಲ್ಲ ಬಿಡ್ರಿ ಅತ್ತಿ" ಎನ್ನುತ್ತಿದ್ದೆವು. ಮನೆಯಲ್ಲಿ ದಿನಕ್ಕೆ ಎಷ್ಟು ಸಂಗತಿಗಳು ನಡೆಯುತ್ತಿದ್ದವೋ ಅಷ್ಟೂ ಅತ್ತೆಯ ಪಾಲಿಗೆ "ಏನಿಲ್ಲ" ಆಗಿಹೋಗಿದ್ದವು. ಕ್ರಮೇಣ ಕೇಳುವುದನ್ನೇ ಬಿಟ್ಟಳು. ಮಂದಿಯೂ ಸಲಹೆ ಕೇಳಲು ಬರುವುದು ಬಿಟ್ಟರು.

ಮಿರಜಿನ ಡಾಕ್ಟರರಿಗೆ ತೋರಿಸಿ ಕಿವಿಯ ಯಂತ್ರವನ್ನೂ ತಂದದ್ದಾಗಿತ್ತು. ಅತ್ತೆ ಅದನ್ನು ಡಬ್ಬಿ ಸಮೇತ ಟ್ರೆಜರಿ ಕಪಾಟಿನೊಳಗೆ ಸೀರೆಗಳ ಕೆಳಗಿಟ್ಟುಬಿಟ್ಟಳು. ಅದನ್ನು ಹಾಕಿಕೊಂಡು ಬಸದಿಗೆ ಹೋದರೆ ಎಲ್ಲರೂ ದೇವರನ್ನು ಬಿಟ್ಟು ತನ್ನ ಕಿವಿಯನ್ನೇ ನೋಡುತ್ತಾರೆ, ತಾನೇನು ಅಷ್ಟು ಮುದುಕಿಯಾಗಿಲ್ಲ ಎಂಬುದು ಅವಳ ವಾದ.

ಆದರೆ ನನ್ನ ವಾಕ್‌ಮನ್ನಿನ ಮೇಲೆ ಅವಳಿಗೆ ಆಸೆಯಿತ್ತು. ಅದು ಮುದುಕಿಯರು ಹಾಕುವ ವಸ್ತು ಅಲ್ಲವಲ್ಲ! ಒಂದು ರವಿವಾರ ಬೆಳಿಗ್ಗೆ ನಾನೂ ಅಕ್ಕ ಸುನಂದಾಳೂ ಒಂದೊಂದು ಸ್ಪಂಜು ಹಂಚಿಕೊಂಡು, ಕೆನ್ನೆಗೆ ಕೆನ್ನೆ ಹಚ್ಚಿ ಹಾಡು ಕೇಳುತ್ತಿದ್ದೆವು. ಅತ್ತೆ ಬಂದು ಎದುರಿಗೆ ಕೂತು, "ನನಗೂ ಒಂದೀಟ ಹಾಕ್ರಿ, ಹೆಂಗಿರ್ತೈತಿ ನೋಡೂಣು" ಎಂದಳು. ಸುನಂದಾ ಅವಳ ತುರುಬಿನ ಅಂಬಾಡೆ ಕೆಡದಂತೆ ಪಟ್ಟಿ ಏರಿಸಿದಳು. ನಾನು ಅತ್ತೆಗೆಂದು ಭಜನೆಯ ಕ್ಯಾಸೆಟ್ಟು ಬದಲಿಸಿ, ಧ್ವನಿಯನ್ನು ಪೂರ್ತಿ ಏರಿಸಿ, ಗಡಿಬಿಡಿಯಲ್ಲಿ ಗುಂಡಿ ಒತ್ತಿದೆ. ಒತ್ತಿದ್ದು ಕೆಂಪು ಗುಂಡಿ. ಭಜನೆ ಅಳಿಸಿಹೋಗುತ್ತದೆಂದು ಹೆದರಿ ಪಾಜ್ ಗುಂಡಿಯನ್ನೂ ಒತ್ತಿಬಿಟ್ಟೆ. ರೀಲು ನಿಂತಿತು. ಮುಂದೇನು ಮಾಡಬೇಕೆಂದು ತಿಳಿಯದೆ ಪೆಟ್ಟಿಗೆಯನ್ನು ತಿರುಗಿಸಿ ನೋಡುತ್ತಿದ್ದೆ.

ಅಷ್ಟರಲ್ಲಿ ಅಡುಗೆಮನೆಯ ಬಾಗಿಲಿಗೆ ಬಂದ ಅವ್ವ, ಯಾರಿಗೆಂದಿಲ್ಲದೆ ತನ್ನಷ್ಟಕ್ಕೇ, "ಮುಂಜಾನಿಂದ ಕುದಿಯಾಕತ್ತೇತಿ, ಈ ಬ್ಯಾಳಿ ಬೇಯವಲ್ದು" ಎಂದಳು.

ಅತ್ತೆ ತಿರುಗಿ ಕೂಡ ನೋಡಲಿಲ್ಲ. ನನ್ನ ಕೈಯ ಪೆಟ್ಟಿಗೆಯನ್ನೇ ನೋಡುತ್ತ, "ಒಂದೀಟ ಎಣ್ಣಿ ಬಿಡು, ಬೇಯ್ತೈತಿ" ಎಂದಳು.

ಅವ್ವನ ಕೈಯ ಸೌಟು ಕೈಯಲ್ಲೇ ಉಳಿಯಿತು. ಅತ್ತೆಗೂ ಆಮೇಲೆ ಅರಿವಾಯಿತು. ತನಗೆಂದು ಹೇಳದ ಮಾತೊಂದನ್ನು, ಬೆನ್ನ ಹಿಂದೆ ಆಡಿದ ಮಾತನ್ನು, ಅವಳು ಎಷ್ಟೋ ವರ್ಷಗಳ ಮೇಲೆ ಕೇಳಿಸಿಕೊಂಡಿದ್ದಳು. ಕಿವಿಯ ಸ್ಪಂಜುಗಳನ್ನು ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡು ನಮ್ಮ ಮುಖ ನೋಡಿದಳು. ಸುನಂದಾ ಮೆಲ್ಲಗೆ, ಬೇಕೆಂದೇ ಬಾಯಿಗೆ ಕೈ ಅಡ್ಡ ಹಿಡಿದು, "ಅತ್ತಿ, ಕೇಳಾಕತ್ತೇತೇನ್ರಿ?" ಎಂದಳು.

"ಕೇಳಾಕತ್ತೇತಿ" ಎಂದಳು ಅತ್ತೆ. ಅಷ್ಟು ಹೇಳುವುದರೊಳಗೆ ಅವಳ ಕಣ್ಣು ತುಂಬಿದ್ದವು. ಅವ್ವ ಒಳಗೆ ಹೋಗಿ ಬೇಳೆಗೆ ಎಣ್ಣೆ ಬಿಟ್ಟಳು.

ಕೆಂಪು ಗುಂಡಿ, ಪಾಜ್ ಗುಂಡಿ ಎರಡನ್ನೂ ಒತ್ತಿದರೆ ಪೆಟ್ಟಿಗೆ ಏನನ್ನೂ ತುಂಬಿಕೊಳ್ಳುವುದಿಲ್ಲ. ಆದರೆ ಅದರ ಮೂಲೆಯ ಸಣ್ಣ ತೂತಿನ ಮೈಕಿಗೆ ಬಿದ್ದ ಸದ್ದನ್ನೆಲ್ಲ ದೊಡ್ಡದು ಮಾಡಿ ಕಿವಿಗೆ ಕಳಿಸುತ್ತಲೇ ಇರುತ್ತದೆ. ಇದನ್ನು ನಾವು ಅವತ್ತು ಮಧ್ಯಾಹ್ನದೊಳಗೆ ಪತ್ತೆ ಮಾಡಿದೆವು. ಅತ್ತೆ ಅಂದು ಊಟವನ್ನೂ ವಾಕ್‌ಮನ್ ಹಾಕಿಕೊಂಡೇ ಮಾಡಿದಳು. ರೊಟ್ಟಿ ಮುರಿದರೆ ಕಟ್ಟಿಗೆ ಮುರಿದಂತೆ ಕೇಳುತ್ತದೆ ಎಂದು ನಕ್ಕಳು. ಗುಬ್ಬಿಗಳು ಇನ್ನೂ ನಮ್ಮ ಮನೆಗೆ ಬರುತ್ತವೆಯೇ ಎಂದು ಆಶ್ಚರ್ಯಪಟ್ಟಳು. ಅಪ್ಪ ಅಂಗಡಿಯಿಂದ ಬಂದು ಎಂದಿನಂತೆ ಚಾವಿ ಎಲ್ಲಿ ಎಂದು ಗೊಣಗಿದಾಗ, "ನಿನ್ನ ಕಿಸೇದಾಗ ಐತಿ ನೋಡು ತಮ್ಮಾ" ಎಂದಳು. ಅಪ್ಪ ಕಿಸೆಗೆ ಕೈ ಹಾಕಿದ, ಚಾವಿ ಅಲ್ಲೇ ಇತ್ತು. ಮಿದುಳು ಸಡಿಲಾಗುವ ಸುದ್ದಿಯನ್ನು ಅವನು ಮತ್ತೆ ಎತ್ತಲಿಲ್ಲ.

ಅಂದಿನಿಂದ ವಾಕ್‌ಮನ್ನಿನ ಒಡೆತನ ನನ್ನದು, ಉಪಯೋಗ ಅತ್ತೆಯದು. ಬಸ್ಸಿನಲ್ಲಿ ನಾನು ಮತ್ತೆ ಎಲ್ಲರ ಮೊಣಕಾಲು ನೋವು ಕೇಳುವಂತಾಯಿತು. ಬಾಯಿ ಬಿಡುವ ಚಟ ನನಗೆ ಹತ್ತಿದ್ದು ಆ ದಿನಗಳಲ್ಲೇ ಇರಬೇಕು.

ಆ ವೇಳೆಗೆ ಮನೆಯಲ್ಲಿ ಸುನಂದಾಳ ಮದುವೆಯ ಮಾತು ನಡೆದಿತ್ತು. ಅವಳು ಟಿ.ಸಿ.ಎಚ್. ಮುಗಿಸಿ ಮಾಸ್ತರಿಕೆಯ ಆರ್ಡರಿಗಾಗಿ ಕಾಯುತ್ತಿದ್ದಳು. ಚಿಕ್ಕಂದಿನಲ್ಲಿ ಅಂಗಡಿಯ ಬಟ್ಟೆಯ ಥಾನುಗಳನ್ನೇ ಸಾಲಾಗಿ ಕೂರಿಸಿ ಪಾಠ ಮಾಡಿದವಳು ಅವಳು. ಮದುವೆಯಾದರೂ ನೌಕರಿ ಬಿಡುವುದಿಲ್ಲ ಎಂಬುದೊಂದೇ ಅವಳ ಮಾತು. ಬಂದ ಸಂಬಂಧಗಳೆಲ್ಲ ಆ ಮಾತಿಗೆ ಬಂದಲ್ಲಿಂದಲೇ ಹಿಂದಿರುಗುತ್ತಿದ್ದವು. ಅಪ್ಪ ಅವಳನ್ನು ಒತ್ತಾಯಿಸುತ್ತಿರಲಿಲ್ಲ, ಆದರೆ ಪ್ರತಿಯೊಂದು ಸಂಬಂಧ ತಪ್ಪಿದಾಗಲೂ ಅವನ ಮುಖ ಸಣ್ಣದಾಗುತ್ತಿತ್ತು.

ಆಗ ಹುಕ್ಕೇರಿಯಿಂದ ಒಂದು ಮನೆತನ ಬಂತು. ಹುಡುಗನ ಹೆಸರು ಧನ್ಯಕುಮಾರ. ಪಂಪ್‌ಸೆಟ್ಟಿನ ಸಾಮಾನು ಮಾರುವ ಅಂಗಡಿ. ತಂದೆ ಇಲ್ಲ, ಅಂಗಡಿಯ ಹಿರಿತನವೂ ಮನೆಯ ಹಿರಿತನವೂ ಕಾಕಾನದು, ಅಂದರೆ ಚಿಕ್ಕಪ್ಪನದು. ನೌಕರಿ ಮಾಡಲಿ, ನಮ್ಮದೇನೂ ಅಡ್ಡಿಯಿಲ್ಲ ಎಂದು ಅವರು ಮೊದಲೇ ಹೇಳಿ ಕಳಿಸಿದ್ದರು. ಅಪ್ಪನಿಗೆ ಹಿಡಿಸಲಾರದಷ್ಟು ಸಂತೋಷ.

ಕನ್ಯಾ ನೋಡಲು ಅವರು ಬಂದ ದಿನ ಅತ್ತೆ ಇಳಕಲ್ಲ ಸೀರೆ ಉಟ್ಟು, ವಾಕ್‌ಮನ್ನಿಗೆ ಹೊಸ ಸೆಲ್ಲು ಹಾಕಿಸಿಕೊಂಡಳು. ಸೆರಗನ್ನು ತಲೆಯ ತುಂಬ ಹೊದ್ದದ್ದರಿಂದ ಕಿತ್ತಳೆ ಸ್ಪಂಜು ಒಂದಿಷ್ಟು ಇಣುಕುತ್ತಿತ್ತು, ಅಷ್ಟೇ. ವೈರು ಗಿಡ್ಡ. ಅದಕ್ಕಾಗಿ ಅವಳು ಕಂಬದ ಬುಡ ಬಿಟ್ಟು, ಟೀಪಾಯಿಯ ಪಕ್ಕದ ಕುರ್ಚಿಯಲ್ಲಿ ಕೂತು, ಪೆಟ್ಟಿಗೆಯನ್ನು ಬಾಳೆಹಣ್ಣಿನ ತಟ್ಟೆಯ ಬಾಜೂಕ್ಕೆ ಇಟ್ಟಿದ್ದಳು. ಹುಡುಗ, ಅವನ ತಾಯಿ, ಕಾಕಾ, ಮೂವರೇ ಬಂದಿದ್ದರು. ಅವ್ವ ರೂಢಿಯಂತೆ, ಇವರು ನಮ್ಮ ಅಕ್ಕಾರು, ಇವರಿಗೆ ಕಿವಿ ಕೇಳುವುದಿಲ್ಲ ಎಂದು ಪರಿಚಯ ಹೇಳಿದಳು. ಸುಳ್ಳೇನಲ್ಲವಲ್ಲ. ಕಾಕಾ ವೈರು ನೋಡಿ, ಈ ವಯಸ್ಸಿನಲ್ಲೂ ಹಾಡಿನ ಹುಚ್ಚು ನೋಡ್ರಿ ಎಂದು ನಕ್ಕ. ಅತ್ತೆಯೂ ನಕ್ಕಳು.

ಸುನಂದಾ ಬಂದು ಚಹಾ ಕೊಟ್ಟು, ಕೇಳಿದ್ದಕ್ಕೆ ಉತ್ತರ ಹೇಳಿ ಒಳಗೆ ಬಂದಳು. ಶಿರಾ, ಚೂಡಾ ತಿಂದದ್ದಾಯಿತು. ಆಮೇಲೆ ಕಾಕಾ, ನಾವು ನಮ್ಮೊಳಗೇ ಒಂದು ಮಾತು ಆಡಿಕೊಳ್ಳುತ್ತೇವೆ ಎಂದ. ಅಪ್ಪ, ಅವ್ವ ಮರ್ಯಾದೆಗೆ ಎದ್ದು ಒಳಗೆ ಬಂದರು. ಅತ್ತೆಯನ್ನೂ ಕರೆಯಬೇಕೆಂದು ಅಪ್ಪ ತಿರುಗಿದರೆ, ಕಾಕಾ ಕೈ ಬೀಸಿ, "ಇರಲಿ ಬಿಡ್ರಿ, ಅವ್ರ ಹಾಡ ಅವ್ರ ಕೇಳ್ಲಿ" ಎಂದನಂತೆ.

ನಾವು ಅಡುಗೆಮನೆಯ ಪರದೆಯ ಹಿಂದೆ ನಿಂತಿದ್ದೆವು. ಅವರು ಮರಾಠಿಯಲ್ಲಿ, ಕನ್ನಡದಲ್ಲಿ, ಬೆರೆಸಿ ಬೆರೆಸಿ ಪಿಸುಗುಡುವುದು ಕೇಳುತ್ತಿತ್ತು, ಶಬ್ದ ತಿಳಿಯುತ್ತಿರಲಿಲ್ಲ. ಅಪ್ಪ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಆಗಲೇ ಮುಹೂರ್ತ ಹುಡುಕುತ್ತಿದ್ದ. ಸುನಂದಾ ಮಾತ್ರ ಸೆರಗಿನ ಚುಂಗು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತಿದ್ದಳು.

ಕಾಕಾ ಕರೆದ. ಅಪ್ಪ, ಅವ್ವ ಹೋಗಿ ಕೂತರು. ತಮಗೆಲ್ಲ ಒಪ್ಪಿಗೆಯಿದೆ, ಹುಡುಗಿಯ ನೌಕರಿಗೂ ಮನಃಪೂರ್ವಕ ಒಪ್ಪಿಗೆಯಿದೆ, ಇವತ್ತೇ ಸಕ್ಕರೆ ಹಂಚಿ ನಿಶ್ಚಯ ಮಾಡಿಬಿಡೋಣ ಎಂದು ಕಾಕಾ ಹೇಳುತ್ತಿದ್ದಂತೆ, ಅತ್ತೆ ಕುರ್ಚಿಯಲ್ಲಿ ನೆಟ್ಟಗೆ ಕೂತಳು.

"ಸಾವ್ಕಾರ್ರ, ಈಗ ಹಿಂಗಂತೀರಿ. ಆಗ ಹಂಗ ಅನ್ನಲಿಲ್ಲಲ್ರಿ?"

ಕಾಕಾ ಅವ್ವನ ಮುಖ ನೋಡಿದ. ಅವ್ವ ಅಪ್ಪನ ಮುಖ ನೋಡಿದಳು.

"ಈಗ ಹೂಂ ಅಂದ ಬಿಡೂಣು, ಲಗ್ನ ಆದಮ್ಯಾಲ ಯಾವ ಸಾಲಿ, ಯಾವ ನೌಕರಿ ಅಂದ್ರಿ. ಒಂದ ಕೂಸ ಆತಂದ್ರ ತಾನ ಬಿಟ್ಟ ಮನ್ಯಾಗ ಕುಂದರ್ತಾಳ ಅಂದ್ರಿ. ನಿಮ್ಮ ವೈನಿಯವ್ರು, ಈ ಹುಡುಗನ ತಾಯಿ, ಹಂಗ ಮಾಡಿದ್ರ ಸುಳ್ಳ ಹೇಳಿದಂಗ ಆಗೂದಿಲ್ಲೇನು ಅಂದ್ರು. ಅವ್ರನ್ನೂ ಸುಮ್ಮನಿರಸಿದ್ರಿ." ಅತ್ತೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಹಿಂದೆ ಜಗಳ ಬಗೆಹರಿಸುವಾಗ ಇರುತ್ತಿದ್ದ ಅದೇ ಸಮಾಧಾನದ ದನಿ. ನಾನು ಆ ದನಿಯನ್ನು ಕೇಳಿ ಎಷ್ಟು ವರ್ಷವಾಗಿತ್ತು!

ಕಾಕಾನ ಕಣ್ಣು ಬಾಳೆಹಣ್ಣಿನ ಬಾಜೂಕ್ಕಿದ್ದ ಪೆಟ್ಟಿಗೆಯ ಮೇಲೆ ಬಿತ್ತು. ಅದರ ಕೆಂಪು ದೀಪ ಉರಿಯುತ್ತಿತ್ತು. ಹಾಗೆ ಅಂದಿಲ್ಲವೆಂದು ಹೇಳಲು ಬಾಯಿ ತೆರೆದವನು, "ಇದರಾಗ... ಎಲ್ಲಾ ತುಂಬೇತೇನ್ರಿ?" ಎಂದು ಕೇಳಿದ.

"ಆಂ?" ಎಂದಳು ಅತ್ತೆ, ಕಿವಿಗೆ ಕೈ ಹಚ್ಚಿ. "ಏನಂದ್ರಿ? ನನಗ ಕೇಳಂಗಿಲ್ರಿ."

ಪರದೆಯ ಹಿಂದೆ ನಾನು ಬಾಯಿಗೆ ಸೆರಗು ತುರುಕಿಕೊಂಡೆ. ರೀಲು ಒಂದು ಗೆರೆಯಷ್ಟೂ ಮುಂದೆ ಹೋಗಿಲ್ಲವೆಂದು, ಅದರಲ್ಲಿ ಭಜನೆ ಬಿಟ್ಟು ಬೇರೇನೂ ಇಲ್ಲವೆಂದು ಆ ಮನೆಯಲ್ಲಿ ಗೊತ್ತಿದ್ದದ್ದು ಅತ್ತೆಗೆ, ನನಗೆ ಮತ್ತು ಸುನಂದಾಳಿಗೆ. ಕಾಕಾ ಅದನ್ನು ಕೇಳೋಣವೆಂದರೆ ಅತ್ತೆಗೆ ಕಿವಿಯಿಲ್ಲ, ನಮಗೆ ಬಾಯಿಯಿಲ್ಲ. ಅಂದದ್ದನ್ನು ಅಲ್ಲಗಳೆಯುವ ದಾರಿಯಿಲ್ಲದೆ ಅವನು ಚಹಾದ ಖಾಲಿ ಕಪ್ಪನ್ನೇ ಎತ್ತಿ ಕುಡಿದ.

ಅಪ್ಪ ಎದ್ದು ನಿಂತ. ಅವನ ಮುಖ ಕೆಂಪಾಗಿತ್ತು. ಏನು ಹೇಳುತ್ತಿದ್ದನೋ, ಅತ್ತೆ ಕೈಸನ್ನೆಯಿಂದ ಅವನನ್ನು ಕೂರಿಸಿದಳು. ಆಮೇಲೆ ಹುಡುಗನ ಕಡೆ ತಿರುಗಿದಳು. ಧನ್ಯಕುಮಾರ ಅಷ್ಟು ಹೊತ್ತೂ ತಲೆ ತಗ್ಗಿಸಿ ಕೂತಿದ್ದ.

"ತಮ್ಮಾ, ನೀನೂ ಒಂದ ಮಾತ ಅಂದಿ. ಭಾಳ ಸಣ್ಣ ದನೀಲೇ ಅಂದಿ. ನಿಮ್ಮ ಕಾಕಾಗ ಕೇಳ್ಸಿತೋ ಇಲ್ಲೋ, ನನಗ ಕೇಳ್ಸೇತಿ. ಅದನ್ನ ಈಗ ಎಲ್ಲಾರಿಗೂ ಕೇಳೂ ಹಂಗ ಅನ್ನು. ಅನ್ನಾಕ ಆಗೂದಿಲ್ಲಂದ್ರ ಸುಮ್ಮನ ಎದ್ದ ಹೋಗು, ನಮ್ಮ ಸಿಟ್ಟಿಲ್ಲ."

ಹುಡುಗ ಕಾಕಾನ ಕಡೆ ನೋಡಲಿಲ್ಲ, ತಾಯಿಯ ಕಡೆ ನೋಡಿದ. ಅವರು ಕಣ್ಣಲ್ಲೇ ಏನು ಹೇಳಿದರೋ, ಅವನು ಎದ್ದು ನಿಂತು, ಬೇಕಾದದ್ದಕ್ಕಿಂತ ಎಷ್ಟೋ ದೊಡ್ಡ ದನಿಯಲ್ಲಿ, ಎದುರಿನ ಹಿಟ್ಟಿನ ಗಿರಣಿಯವರಿಗೂ ಕೇಳುವ ಹಾಗೆ ಹೇಳಿದ.

"ಕಾಕಾ, ನೌಕರಿ ಮಾಡ್ಲಿ ಅಂತ ನಾವು ಮಾತ ಕೊಟ್ಟೇವಿ. ಕೊಟ್ಟ ಮಾತ ನಾ ತಪ್ಪೂದಿಲ್ಲ."

ಅತ್ತೆಗೆ ಅದು ವಾಕ್‌ಮನ್ನಿನಲ್ಲಿ ಸಿಡಿಲಿನಂತೆ ಕೇಳಿರಬೇಕು, ಸ್ಪಂಜನ್ನು ಕಿವಿಯಿಂದ ಒಂದಿಷ್ಟು ಸರಿಸಿ, "ಸಾಕಪ್ಪಾ, ಇಷ್ಟು ಬ್ಯಾಡಾಗಿತ್ತು" ಎಂದಳು. ಮೊದಲು ನಕ್ಕವರು ಹುಡುಗನ ತಾಯಿ.

ಯಾರೂ ಕರೆಯದೆಯೇ ಸುನಂದಾ ಪರದೆ ಸರಿಸಿ ಹೊರಗೆ ಬಂದಳು. ಹುಡುಗನನ್ನು ಆಗ ಮೊದಲ ಸಲ ಸರಿಯಾಗಿ ನೋಡಿದಳು ಎಂದು ಆಮೇಲೆ ನನ್ನ ಹತ್ತಿರ ಹೇಳಿದ್ದಾಳೆ. ಆದರೂ ಸಕ್ಕರೆಗೆ ಕೈ ಚಾಚಲಿಲ್ಲ. ತನಗೆ ಈ ಸಂಬಂಧ ಒಪ್ಪಿಗೆ, ಆದರೆ ಮೊದಲು ಆರ್ಡರು ಬರಬೇಕು, ಸಾಲಿಗೆ ಹೋಗಿ ಹಾಜರಾಗಬೇಕು, ಲಗ್ನ ಆಮೇಲೆ ಎಂದಳು. ಎಷ್ಟು ದಿನವಾದರೂ ಕಾಯುತ್ತೇನೆ ಎಂದು ಧನ್ಯಕುಮಾರ ಈ ಸಲ ಹದವಾದ ದನಿಯಲ್ಲಿ ಹೇಳಿದ. ಕಾಕಾ ಹೊರಡುವಾಗ ಟೀಪಾಯಿಯ ಸಮೀಪ ಹಾಯದೆ, ಸುತ್ತು ಹಾಕಿ ಬಾಗಿಲಿಗೆ ಹೋದ.

ಅವರ ಜೀಪು ತಿರುವು ದಾಟುವವರೆಗೂ ನಾವು ತಡೆದುಕೊಂಡಿದ್ದೆವು. ಆಮೇಲೆ ಮನೆಯಲ್ಲಿ ನಗು ಎದ್ದಾಗ ಅತ್ತೆ ಎಲ್ಲರಿಗಿಂತ ತಡವಾಗಿ ಅಲ್ಲ, ಎಲ್ಲರಿಗಿಂತ ಮೊದಲು ನಕ್ಕಿದ್ದಳು. ಸುದ್ದಿ ಊರಲ್ಲಿ ಹಬ್ಬಲು ಬಹಳ ಹೊತ್ತು ಬೇಕಾಗಲಿಲ್ಲ, ಹಬ್ಬಿಸುವವಳು ನಾನೇ ಇದ್ದೆನಲ್ಲ. ಮರುದಿನದಿಂದಲೇ ಮಂದಿ ಬರತೊಡಗಿದರು. ವಾಕ್‌ಮನ್ ನೋಡುವ ನೆವಕ್ಕೆ ಬಂದವರು, ಬಂದಿದ್ದೇವೆ ಎಂದು ತಮ್ಮ ಮನೆಯ ತಂಟೆಯನ್ನೂ ಹೇಳಿ, ಅತ್ತೆಯಿಂದ ಸಲಹೆ ತೆಗೆದುಕೊಂಡು ಹೋಗುತ್ತಿದ್ದರು. ಪೆಟ್ಟಿಗೆಯ ಎದುರು ಎಲ್ಲರೂ ಯಾಕೋ ಖರೆ ಖರೆ ಮಾತನ್ನೇ ಆಡುತ್ತಿದ್ದರು. ಅತ್ತೆ ಸೆಲ್ಲನ್ನು ಬಿಸಿಲಿಗೆ ಒಣಗಿಸುವುದನ್ನು ನನಗಿಂತ ಚೆನ್ನಾಗಿ ಕಲಿತಳು. ಮುಂದೆ ವಾಕ್‌ಮನ್ ಸವೆದು ನಿಂತುಹೋದಾಗ, ಯಾರೂ ಹೇಳದೆಯೇ ಟ್ರೆಜರಿಯಿಂದ ಮಿರಜಿನ ಯಂತ್ರವನ್ನು ಹೊರತೆಗೆದು ತಾನೇ ಹಾಕಿಕೊಂಡಳು. ಇದರಲ್ಲಿ ಹಾಡು ಬರುವುದಿಲ್ಲ ಎಂಬುದೊಂದು ಕೊರತೆ ಎನ್ನುತ್ತಿದ್ದಳು.

ಸುನಂದಾಳ ಆರ್ಡರು ಬಂದದ್ದು ಧುಪದಾಳದ ಸರಕಾರಿ ಸಾಲಿಗೆ. ಲಗ್ನ ಆ ಬೇಸಿಗೆಯಲ್ಲಿ ಆಯಿತು. ಅಕ್ಷತೆಯನ್ನು ಎಲ್ಲರಿಗಿಂತ ಜೋರಾಗಿ ಬೀಸಿದವನು ಕಾಕಾನೇ. ಸಾಲಿ ಮತ್ತೆ ಶುರುವಾದಾಗ ಅವಳು ಹುಕ್ಕೇರಿಯಿಂದ ಬಸ್ಸಿನಲ್ಲಿ ಓಡಾಡತೊಡಗಿದಳು. ಅವಳು ಪಾಠ ಮಾಡುವುದನ್ನು ನೋಡಬೇಕೆಂದು ಅತ್ತೆ ಒಂದೇ ಹಟ ಹಿಡಿದಳು. ನೋಡಬೇಕು ಎಂದಲ್ಲ, ಕೇಳಬೇಕು ಎಂದಳು. ಮಳೆಗಾಲದ ಒಂದು ಬೆಳಿಗ್ಗೆ ನಾನು ಅವಳನ್ನು ಕರೆದುಕೊಂಡು ಹೋದೆ. ವಾಕ್‌ಮನ್ ಆಗಿನ್ನೂ ಕೆಟ್ಟಿರಲಿಲ್ಲ. ಧುಪದಾಳದ ಒಡ್ಡಿನ ಮೇಲೆ ನೀರು ಬೀಳುವ ಸದ್ದು ಬಸ್ಸು ಇಳಿದಲ್ಲಿಗೇ ಕೇಳುತ್ತಿತ್ತು. ಅತ್ತೆ ರಸ್ತೆಯಲ್ಲಿ ನಿಂತು, ಪೆಟ್ಟಿಗೆಯನ್ನು ನದಿಯ ಕಡೆ ಹಿಡಿದು, ಸಾಕಾಗುವಷ್ಟು ಕೇಳಿ, ಆಮೇಲೆ ನಡೆದಳು.

ಹೆಡ್‌ಮಾಸ್ತರರ ಒಪ್ಪಿಗೆ ಕೇಳಿ ಸುನಂದಾ ಅವಳನ್ನು ತನ್ನ ವರ್ಗಕ್ಕೆ ಕರೆದುಕೊಂಡು ಹೋದಳು. ಕುರ್ಚಿ ಕೊಟ್ಟರೆ ಅತ್ತೆ ಬೇಡವೆಂದಳು. ಹಿಂದೆ, ಗೋಡೆಗೆ ಒರಗಿ, ಹುಡುಗಿಯರ ಸಾಲಿನ ಕೊನೆಗೆ ಜಮಖಾನೆಯ ಮೇಲೆ ಕೂತಳು. ಮಕ್ಕಳೆಲ್ಲ ಪಾಟಿಯನ್ನೂ ಪಾಠ ಹೇಳುವ ಬಾಯಾರನ್ನೂ ಬಿಟ್ಟು ಕಿತ್ತಳೆ ಸ್ಪಂಜನ್ನೇ ನೋಡುತ್ತಿದ್ದವು. ಅತ್ತೆ ಅಕ್ಷರ ಕಲಿತದ್ದು ತಮ್ಮನ ಪಾಟಿಯ ಮೇಲೆ, ಅವನು ಸಾಲಿಯಿಂದ ಬಂದ ಮೇಲೆ, ಹಿತ್ತಲಲ್ಲಿ ಕೂತು. ಸಾಲಿಯ ಒಳಗೆ ಅವಳು ಕಾಲಿಟ್ಟದ್ದು ಅದೇ ಮೊದಲು.

ಸುನಂದಾ ಹಾಜರಿ ತೆಗೆದುಕೊಂಡಳು. ಒಂದೊಂದೇ ಹೆಸರು, ಒಂದೊಂದೇ ಸಣ್ಣ ದನಿ. ಅತ್ತೆ ಪ್ರತಿ ದನಿ ಬಂದ ಕಡೆಗೂ ಪೆಟ್ಟಿಗೆ ತಿರುಗಿಸಿ, ಆ ಮಗುವಿನ ಮುಖವನ್ನು ಹುಡುಕಿ ನೋಡುತ್ತಿದ್ದಳು. ಹೆಸರುಗಳೆಲ್ಲ ಮುಗಿದವು. ಸುನಂದಾ ಪುಸ್ತಕ ಮುಚ್ಚಿ, ತಲೆಯೆತ್ತಿ, ಇನ್ನೊಂದು ಹೆಸರು ಕೂಗಿದಳು.

"ಪದ್ಮಾವತಿ."

ಅಂಥ ಹೆಸರಿನವರು ತಮ್ಮ ವರ್ಗದಲ್ಲಿ ಯಾರೂ ಇಲ್ಲವಲ್ಲ ಎಂದು ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಹಿಂದುಗಡೆ ನಮ್ಮ ಅತ್ತೆ ಗೋಡೆ ಹಿಡಿದು ಎದ್ದು ನಿಂತಳು. ಸೆರಗು ಸರಿಪಡಿಸಿಕೊಂಡಳು, ವಾಕ್‌ಮನ್ನನ್ನು ಎದೆಗೆ ಹಿಡಿದುಕೊಂಡಳು, ಇಡೀ ಸಾಲಿಗೆ ಕೇಳುವಂತೆ ಹೇಳಿದಳು:

"ಹಾಜರ್ರೀ ಬಾಯಾರ."